ತಿಂಡಿಗೆ ಮೊದಲು ಮಣ್ಣು

ಕೃಷಿ ಪದವಿ ಮುಗಿಸಿದ ಹುಡುಗ ಹುಡುಗಿಯರು ಈಗಲೂ ನನಗೆ ಫೋನ್ ಮಾಡುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: "ಮೇಡಂ, ನಮ್ಮ ಕಡೆ ಕೆಲಸ ಇದೆಯಾ?" ನಮ್ಮ ಕಡೆ ಎಂದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆ. ಇದೆ ಎನ್ನುತ್ತೇನೆ. ಎಲ್ಲಿ, ಎಷ್ಟು ಸಂಬಳ ಎಂದು ಕೇಳುವಷ್ಟರಲ್ಲಿ ನನಗೆ ರೇಗಿರುತ್ತದೆ. ಅದು ಏನು ಕೆಲಸ ಎಂದು ಮೊದಲು ಕೇಳಬಾರದೇ? ಯಾರೂ ಕೇಳುವುದಿಲ್ಲವಾದ್ದರಿಂದ ನಾನೇ ಬರೆದುಬಿಡೋಣ ಎಂದು ಕೂತಿದ್ದೇನೆ.

ನಾನು ಆಲ್ದೂರಿನವಳು. ಅಪ್ಪಾಜಿಗೆ ಬಸ್ ನಿಲ್ಲುವ ಜಾಗದ ಹತ್ತಿರವೇ ದಿನಸಿ ಅಂಗಡಿ ಇತ್ತು. ತೊಂಬತ್ತರ ದಶಕದ ಶುರುವಿನಲ್ಲಿ ಮಣ್ಣು ವಿಜ್ಞಾನ ಓದಿಕೊಂಡು ಊರಿಗೆ ಬಂದೆ. ಆಗ ನಮ್ಮಂಥವರಿಗೆ ಇದ್ದ ದಾರಿಗಳು ಕಡಿಮೆ. ಸರ್ಕಾರದ ಇಲಾಖೆ, ಸಂಶೋಧನಾ ಕೇಂದ್ರ, ಬ್ಯಾಂಕಿನ ಕೃಷಿ ವಿಭಾಗ, ಇಲ್ಲವೇ ಗೊಬ್ಬರ ಕಂಪನಿಯ ಮಾರಾಟ. ಮೊದಲಿನ ಮೂರಕ್ಕೆ ಜನ ಸಾಲುಗಟ್ಟಿ ನಿಂತಿದ್ದರು. ಕಂಪನಿಯವರು ಹೆಂಗಸರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಬೈಕಿನಲ್ಲಿ ತೋಟ ತೋಟ ಸುತ್ತಬೇಕಲ್ಲ ಎಂಬುದು ಅವರ ನೆಪ. ಬೆಳೆಗಾರರಿಗೆ ಸಲಹೆ ಕೊಟ್ಟು ಬದುಕುವ ಕೆಲಸ ಅಂತ ಒಂದಿದೆ ಎಂದಾಗ ಅಪ್ಪಾಜಿ ಜೋರಾಗಿ ನಕ್ಕರು.

"ಸಲಹೆಗೆ ಯಾರಾದ್ರೂ ದುಡ್ಡು ಕೊಡ್ತಾರೇನೆ ಶೈಲಾ? ನಮ್ಮಂಗಡಿ ಬೆಂಚಿನ ಮೇಲೆ ಕೂತ್ಕೊ. ಬಂದೋರೆಲ್ಲ ಬಿಟ್ಟಿಯಾಗಿ ಕೊಟ್ಟು ಹೋಗ್ತಾರೆ."

ಆ ಪ್ರಶ್ನೆ ನನ್ನ ಇಡೀ ನೌಕರಿಯ ಉದ್ದಕ್ಕೂ ಬೆನ್ನಿಗೆ ಅಂಟಿಕೊಂಡೇ ಬಂತು. ಸಲಹೆ ಪುಕ್ಕಟೆ ಸಿಗುವ ಊರಿನಲ್ಲಿ ಅದನ್ನೇ ನಂಬಿ ನಾನು ಉಳಿಯುತ್ತೇನೋ ಇಲ್ಲವೋ ಎಂಬುದು ಬಹಳ ವರ್ಷ ನನಗೇ ಗೊತ್ತಿರಲಿಲ್ಲ.

ನನಗೆ ಕೆಲಸ ಕೊಟ್ಟವರು ಶ್ರೀಕಂಠಯ್ಯನವರು. ಇಲಾಖೆಯಿಂದ ನಿವೃತ್ತರಾಗಿ ಚಿಕ್ಕಮಗಳೂರಿನಲ್ಲಿ ಒಂದು ಸಣ್ಣ ಮಣ್ಣು ಪರೀಕ್ಷೆಯ ಲ್ಯಾಬ್ ಇಟ್ಟುಕೊಂಡಿದ್ದರು. ಮಾತು ಕಡಿಮೆ, ಮೂಗಿನ ತುದಿಯಲ್ಲಿ ಕೋಪ. ನನ್ನ ಅಂಕಪಟ್ಟಿಯನ್ನು ಅವರು ಬಿಡಿಸಿ ಕೂಡ ನೋಡಲಿಲ್ಲ.

"ಇಂಬಳ ಕಂಡ್ರೆ ಹೆದರ್ತೀಯಾ?"

"ಇಲ್ಲ ಸರ್. ಕಾಲಿಗೆ ಹತ್ತಿ ರಕ್ತ ಹೀರಿದ್ರೆ ಕಿತ್ತು ಎಸಿತೀನಿ."

"ಇನ್ನೊಂದು ಕಡುಬು ಹಾಕ್ಕೊಳ್ಳಿ ಅಂತ ಬಲವಂತ ಮಾಡೋರನ್ನ ಕಂಡ್ರೆ?"

ನಾನು ನಕ್ಕೆ. ಅವರು ನಗಲಿಲ್ಲ. "ಇಂಬಳಕ್ಕಿಂತ ಅವ್ರೇ ಕಷ್ಟ," ಎಂದರು.

ಅದರ ಅರ್ಥ ಒಂದೆರಡು ತಿಂಗಳಲ್ಲೇ ತಿಳಿಯಿತು. ನಮ್ಮ ಮಲೆನಾಡಿನಲ್ಲಿ ಮನೆ ಬಾಗಿಲಿಗೆ ಬಂದವರಿಗೆ ತಿಂಡಿ ಕೊಡದೆ ಮುಂದಿನ ಮಾತಿಲ್ಲ. ಜೀಪಿನಿಂದ ಇಳಿದ ಕೂಡಲೇ ಕಡುಬು, ಚಟ್ನಿ, ಆಮೇಲೆ ಲೋಟದ ತುಂಬ ಕಾಫಿ. ಅಷ್ಟು ತಿಂದ ಮೇಲೆ ನೀವು ಸಲಹೆಗಾರರಲ್ಲ, ನೆಂಟರು. ನೆಂಟರನ್ನು ಯಾರಾದರೂ ಹಾಳು ಬಿದ್ದ ಜಾಗಕ್ಕೆ ಕರೆದುಕೊಂಡು ಹೋಗುತ್ತಾರೆಯೇ? ರಸ್ತೆ ಬದಿಯ ಒಳ್ಳೆಯ ಬ್ಲಾಕಿನಲ್ಲಿ, ಅಂದರೆ ತೋಟದ ಚೆಂದದ ಭಾಗದಲ್ಲಿ, ಒಂದು ಸುತ್ತು ಹಾಕಿಸಿ, ನಾಲ್ಕು ಕಿತ್ತಳೆ ಕೈಗಿಟ್ಟು ಕಳಿಸುತ್ತಾರೆ. ಕಾಯಿಲೆ ಬಿದ್ದ ಗಿಡಗಳು ಗುಡ್ಡದ ಆಚೆ ಬದಿಯಲ್ಲಿ ಯಾರ ಕಣ್ಣಿಗೂ ಬೀಳದೆ ಹಳದಿಯಾಗುತ್ತಿರುತ್ತವೆ. ಅದಕ್ಕೇ ಶ್ರೀಕಂಠಯ್ಯನವರು ಒಂದು ನಿಯಮ ಮಾಡಿಕೊಂಡಿದ್ದರು: ತಿಂಡಿಗೆ ಮೊದಲು ಮಣ್ಣು. ಅಂದರೆ ಗುದ್ದಲಿ ಹಿಡಿದು ನೇರ ತೋಟಕ್ಕೆ ಹೋಗುವುದು, ಮಣ್ಣು ತೆಗೆಯುವುದು, ಆಮೇಲೆ ಮನೆಯೊಳಗೆ ಕಾಲಿಡುವುದು. ಹೇಳುವಷ್ಟು ಸುಲಭವಲ್ಲ ಅದು. ಎಷ್ಟೋ ಮನೆಗಳಲ್ಲಿ ನನ್ನನ್ನು ಜಂಬದವಳು ಎಂದರು.

ಮಣ್ಣು ತೆಗೆಯುವುದೂ ಒಂದು ಕ್ರಮ. ಬಿದ್ದ ಎಲೆಗಳನ್ನು ಸರಿಸಿ, ಒಂದು ಗೇಣು ಆಳ ಅಗೆದು, ಗುಂಡಿಯ ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಕೆರೆದು ತೆಗೆಯಬೇಕು. ಬ್ಲಾಕಿನ ಹತ್ತಾರು ಕಡೆ ಹೀಗೆ ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋದಷ್ಟನ್ನು ಚೀಲಕ್ಕೆ ಹಾಕಬೇಕು. ನಾವು ಹೋಗಲಾಗದ ಕಡೆ ಬೆಳೆಗಾರರಿಗೇ ಬಟ್ಟೆಯ ಚೀಲ ಕೊಟ್ಟು ಇಷ್ಟನ್ನೂ ಹೇಳಿ ಕಳಿಸುತ್ತಿದ್ದೆವು. ಆಮೇಲೆ ಬರುತ್ತಿದ್ದ ಮಣ್ಣಿನ ಕಥೆ ಕೇಳಬೇಡಿ. ಸಂಸೆಯ ಒಬ್ಬರು ನಮ್ಮ ಚೀಲ ಚೆನ್ನಾಗಿದೆ ಎಂದು ಮನೆಯಲ್ಲಿಟ್ಟುಕೊಂಡು, ಖಾಲಿ ಯೂರಿಯಾ ಚೀಲದಲ್ಲಿ ಮಣ್ಣು ಕಳಿಸಿದರು. ಪರೀಕ್ಷೆ ಮಾಡಿದರೆ ಅವರ ತೋಟದಲ್ಲಿ ಇನ್ನು ಹತ್ತು ವರ್ಷ ಗೊಬ್ಬರವೇ ಬೇಡ ಎಂಬಂತೆ ಇತ್ತು. ಮತ್ತೊಬ್ಬರ ತಾಯಿ ಮಣ್ಣನ್ನು ಮೊರದಲ್ಲಿ ಹಾಕಿ ಕೇರಿ, ಕಲ್ಲು ಕಡ್ಡಿ ಆರಿಸಿ, ಅಕ್ಕಿಯ ಹಾಗೆ ಹಸನು ಮಾಡಿ ಕಳಿಸಿದ್ದರು. ಪಾಪ, ಅಷ್ಟು ಅಕ್ಕರೆಯಿಂದ ಮಾಡಿದ್ದನ್ನು ಬಿಸಾಡಿ ಮತ್ತೆ ಕಳಿಸಿ ಎನ್ನಲು ನನಗೆ ಸಂಕಟವಾಯಿತು.

ಬಾಳೂರಿನ ಲಕ್ಷ್ಮಣಗೌಡರ ಮಣ್ಣು ಬಂದದ್ದು ಆ ದಿನಗಳಲ್ಲೇ. ಆ ಭಾಗದಲ್ಲಿ ಅವರು ದೊಡ್ಡ ಬೆಳೆಗಾರರು. ಅವರು ಯಾವ ಗೊಬ್ಬರ ಹಾಕುತ್ತಾರೋ ಸುತ್ತಲಿನವರು ಅದನ್ನೇ ಹಾಕುತ್ತಿದ್ದರು. ಅವರು ಕಳಿಸಿದ ಮಣ್ಣು ಕಪ್ಪಗೆ, ಪುಡಿಪುಡಿಯಾಗಿ, ಮುಟ್ಟಿದರೆ ಕೈಗೆ ಹಿತವಾಗಿತ್ತು. ಶ್ರೀಕಂಠಯ್ಯನವರು ಅದನ್ನು ಮೂಸಿ ನೋಡಿ, ಬೆರಳಿನಿಂದ ಕೆದಕಿ, ಒಳಗಿಂದ ಒಂದು ಈರುಳ್ಳಿ ಸಿಪ್ಪೆ ಎತ್ತಿ ನನ್ನ ಮುಂದಿಟ್ಟರು.

"ಕಾಫಿ ತೋಟದಲ್ಲಿ ಯಾರು ಈರುಳ್ಳಿ ಹೆಚ್ಚಿದ್ರು, ಕೇಳು ಹೋಗು."

ನಾನು ಬಾಳೂರಿಗೆ ಹೋಗಿ ಕೇಳಿದೆ. ಗೌಡರಿಗೆ ಎಳ್ಳಷ್ಟೂ ನಾಚಿಕೆಯಾಗಲಿಲ್ಲ. "ಅಡುಗೆಮನೆ ಹಿಂದೆ ಬಾಳೆ ಬುಡದ್ದು ಮೇಡಂ. ಚೀಲದ ಮೇಲೆ ನಮ್ಮ ಹೆಸರು ಬರೀಬೇಕಲ್ಲ. ನಾಲ್ಕು ಜನ ನೋಡೋ ಜಾಗಕ್ಕೆ ಹಾಳು ಮಣ್ಣು ಕಳ್ಸಕ್ಕಾಗುತ್ತಾ?" ಅವರ ಹೆಂಡತಿ ಸರೋಜಮ್ಮ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಗಂಡಿನ ಕಡೆಯವರಿಗೆ ಕಳಿಸುವ ಮಗಳ ಫೋಟೋದ ಹಾಗೆ ಮಣ್ಣನ್ನೂ ಚೆಂದ ಮಾಡಿ ಕಳಿಸಿದ್ದರು ಗೌಡರು. ಅವತ್ತು ನಾನೂ ನಕ್ಕು, ಹೊಳೆ ಪಕ್ಕದ ಬ್ಲಾಕಿನಿಂದ ಬೇರೆ ಮಣ್ಣು ತೆಗೆದುಕೊಂಡು ಬಂದೆ. ಗುಡ್ಡದ ಮೇಲಿನ ಬ್ಲಾಕಿಗೆ ಮಾತ್ರ ಅವರು ಬಿಡಲಿಲ್ಲ.

ಆಮೇಲೆ ನಮ್ಮ ಕೆಲಸಕ್ಕೆ ಒಳ್ಳೆಯ ಕಾಲ ಬಂತು. ಹಿಂದೆಲ್ಲ, ಬೆಳೆದ ಕಾಫಿಯನ್ನು ಸರ್ಕಾರದ ಮಂಡಳಿಗೇ ಒಪ್ಪಿಸಿ, ದುಡ್ಡು ಯಾವಾಗ ಬರುತ್ತದೋ ಎಂದು ಕಾಯಬೇಕಿತ್ತು. ಆ ಪದ್ಧತಿ ಹೋಗಿ ಬೆಳೆಗಾರರೇ ಮಾರಿಕೊಳ್ಳುವ ಹಾಗಾಯಿತು, ರೇಟೂ ಏರಿತು. ಹೊಸ ಜೀಪು ಬಂದ ಮನೆಗೆಲ್ಲ ಒಬ್ಬ ಕನ್ಸಲ್ಟೆಂಟೂ ಬೇಕೆನಿಸಿತು. ನನ್ನ ಜೊತೆ ಓದಿದವರು ತೋಟಗಳಿಗೆ ಮ್ಯಾನೇಜರುಗಳಾದರು, ಸ್ಪ್ರಿಂಕ್ಲರ್ ಕಂಪನಿ ಸೇರಿದರು, ಮೆಣಸಿನ ಬಳ್ಳಿಯ ನರ್ಸರಿ ಇಟ್ಟರು. ಲ್ಯಾಬಿನಲ್ಲಿ ಚೀಲ ಇಡಲು ಜಾಗ ಸಾಲದೆ ಮೆಟ್ಟಿಲ ಮೇಲೂ ಮಣ್ಣು ಪೇರಿಸಿದ್ದೆವು. ಜನ ನನ್ನನ್ನು ಮಣ್ಣಿನ ಮೇಡಂ ಎಂದು ಕರೆಯತೊಡಗಿದ್ದು ಆಗಲೇ.

ಶ್ರೀಕಂಠಯ್ಯನವರೂ ಎಡವಲಿಲ್ಲ ಅಂತಲ್ಲ. ಆಲ್ದೂರಿನ ಹತ್ತಿರದ ಒಬ್ಬ ಬೆಳೆಗಾರರು ಹೂಮಳೆ ತಡವಾಯಿತೆಂದು ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಲು ಹೊರಟಿದ್ದರು. ಮೊಗ್ಗು ನಿಂತಿರುವಾಗ ನೀರು ಸಿಗದಿದ್ದರೆ ಆ ವರ್ಷದ ಫಸಲು ಹೋದ ಹಾಗೆ. ಶ್ರೀಕಂಠಯ್ಯನವರು ಮೋಡ ನೋಡಿ, "ಸುಮ್ನೆ ಡೀಸೆಲ್ ಯಾಕೆ ಸುಡ್ತೀರಿ, ಮಳೆ ಬಂದೇ ಬರುತ್ತೆ," ಎಂದರು. ಮಳೆ ಬಂತು, ರಸ್ತೆಯ ಆಚೆ ಬದಿಯ ತೋಟಕ್ಕೆ ಮಾತ್ರ. ಈಚೆ ಬದಿಯಲ್ಲಿ ಧೂಳು ಕೂಡ ನೆನೆಯಲಿಲ್ಲ. ಆಮೇಲೆ ಎಲ್ಲಿ ಸಿಕ್ಕಿದರೂ ಆ ಬೆಳೆಗಾರರು, "ಶ್ರೀಕಂಠಯ್ಯನೋರೆ, ಎದುರು ಮನೆಗೆ ತರ್ಸಿದ ಮಳೆ ನಮಗೂ ಒಂಚೂರು ತರ್ಸಿ ಮಾರಾಯ್ರೆ," ಎನ್ನುತ್ತಿದ್ದರು. ಇವರು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದರು. ಅಲ್ಲಿಂದಾಚೆ ಮಳೆಯ ವಿಷಯ ಯಾರಾದರೂ ಕೇಳಿದರೆ ನನ್ನ ಕಡೆ ಕೈ ತೋರಿಸುತ್ತಿದ್ದರು.

ಹೊಸ ಶತಮಾನ ಹುಟ್ಟುವ ಹೊತ್ತಿಗೆ ಕಾಫಿ ರೇಟು ಪಾತಾಳಕ್ಕೆ ಇಳಿಯಿತು. ಕುಯ್ಲಿನ ಕೂಲಿಯೂ ಹುಟ್ಟುವುದಿಲ್ಲವೆಂದು ಕೆಲವರು ಹಣ್ಣನ್ನು ಗಿಡದಲ್ಲೇ ಬಿಟ್ಟರು. ಖರ್ಚು ಕಡಿಮೆ ಮಾಡಬೇಕಾದಾಗ ತೋಟದವರು ಮೊದಲು ಬಿಡಿಸುವುದು ಯಾರನ್ನು? ಲೆಕ್ಕ ಬರೆಯಲು ರೈಟರು ಬೇಕು, ಆಳು ನೋಡಲು ಮೇಸ್ತ್ರಿ ಬೇಕು. ಸಲಹೆ ಮಾತ್ರ ಗೊಬ್ಬರದ ಅಂಗಡಿಯಲ್ಲಿ ಚೀಲದ ಜೊತೆ ಬಿಟ್ಟಿ ಸಿಗುತ್ತದೆ. ಒಬ್ಬೊಬ್ಬರಾಗಿ ಎಲ್ಲರೂ ನಮ್ಮನ್ನು ಬಿಟ್ಟರು. ಮೆಟ್ಟಿಲು ಖಾಲಿಯಾಯಿತು, ಆಮೇಲೆ ಕಪಾಟೂ ಖಾಲಿಯಾಯಿತು. ಲಕ್ಷ್ಮಣಗೌಡರು ಮಾತ್ರ ಉಳಿದಿದ್ದರು.

"ಗೌಡ್ರು ಉಳಿದ್ರೆ ಬಾಳೂರು ಉಳಿಯುತ್ತೆ, ಬಾಳೂರು ಉಳಿದ್ರೆ ನಾವು," ಎಂದರು ಶ್ರೀಕಂಠಯ್ಯನವರು. ಅವರಿಗೆ ಆಗ ಮಂಡಿನೋವು, ಗುಡ್ಡ ಹತ್ತಲಾಗುತ್ತಿರಲಿಲ್ಲ. "ಮೇಲಿನ ಬ್ಲಾಕು ಹಳದಿ ಬಿದ್ದಿದೆಯಂತೆ. ಗೊಬ್ಬರ ಎಷ್ಟು ಹೆಚ್ಚು ಮಾಡ್ಬೇಕು ಅಂತ ಕೇಳಿದಾರೆ. ಹೋಗಿ ಬಾ." ಬಾಗಿಲವರೆಗೆ ಬಂದು ಮತ್ತೆ ಹೇಳಿದರು: "ಏನಿದೆಯೋ ಅದನ್ನೇ ಹೇಳು. ಆದ್ರೆ ಸ್ವಲ್ಪ ನೋಡ್ಕೊಂಡು ಹೇಳು."

ನಾನು ಜೀಪು ಇಳಿದಾಗ ಗೌಡರು ಜಗುಲಿಯಲ್ಲೇ ನಿಂತಿದ್ದರು.

"ಬನ್ನಿ ಬನ್ನಿ ಮೇಡಂ, ಕಡುಬು ಬಿಸಿ ಇದೆ."

"ಮೊದ್ಲು ಮೇಲಿನ ಬ್ಲಾಕಿಗೆ ಹೋಗಿ ಬರ್ತೀನಿ ಗೌಡ್ರೆ. ಆಮೇಲೆ ತಿಂಡಿ."

"ಅಲ್ಲಿ ಎಂತ ನೋಡ್ತೀರಿ? ದಾರಿ ಸರಿ ಇಲ್ಲ. ಗೊಬ್ಬರದ ಲೆಕ್ಕ ಹೇಳಿದ್ರೆ ಸಾಕು. ಬೇಕಾದ್ರೆ ಹೊಳೆ ಪಕ್ಕದ್ದು ನೋಡಿ, ಕಣ್ಣು ತುಂಬುತ್ತೆ."

"ಹೊಳೆ ಪಕ್ಕದ್ದು ನೋಡಿ ಆಗಿದೆ. ಹುಷಾರಿಲ್ಲದ್ದು ಯಾವ್ದೋ ಅದನ್ನ ತೋರ್ಸಿ."

ಗೌಡರ ಮುಖ ಬಿಗಿಯಾಯಿತು. "ನಮ್ಮನೆಗೆ ಬಂದೋರು ಯಾರೂ ಹಸ್ಕೊಂಡು ತೋಟಕ್ಕೆ ಹೋಗಿಲ್ಲ. ನಮ್ಮಪ್ಪನ ಕಾಲದಿಂದ್ಲೂ ಇಲ್ಲ."

ಒಳಗೆ ಹೋಗಿ ಎರಡು ಕಡುಬು ತಿಂದು, ಒಂದಿಷ್ಟು ಗೊಬ್ಬರದ ಹೆಸರು ಹೇಳಿದ್ದರೆ ನಮ್ಮ ಲ್ಯಾಬು ಆ ವರ್ಷ ಉಳಿಯುತ್ತಿತ್ತು. ಅದು ನನಗೂ ಗೊತ್ತಿತ್ತು. ಸರೋಜಮ್ಮ ಒಳಗಿನಿಂದಲೇ ಹೇಳಿದರು: "ಹೋಗಿ ಬರ್ಲಿ ಬಿಡಿ. ಕಡುಬು ಎಲ್ಲಿಗೆ ಓಡಿ ಹೋಗುತ್ತೆ?"

ರೈಟರ ಜೊತೆ ಗುಡ್ಡ ಹತ್ತಿದೆ. ಗೌಡರು ತೋಟದ ಯಜಮಾನಿಕೆ ವಹಿಸಿಕೊಂಡ ಹೊಸದರಲ್ಲಿ ತಾವೇ ನಿಂತು ನೆಡಿಸಿದ ಅರೇಬಿಕಾ ಅದು. ಎಲೆಗಳು ಅರಿಶಿನದ ಬಣ್ಣಕ್ಕೆ ತಿರುಗಿದ್ದವು. ಅಗೆದರೆ ಒಂದು ಎರೆಹುಳು ಇಲ್ಲ. ಪ್ರತಿ ಮಳೆಗಾಲ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿ, ಅದರ ಮೇಲೆ ವರ್ಷ ವರ್ಷ ಸುರಿದ ಗೊಬ್ಬರ ಸೇರಿ ಮಣ್ಣು ಪೂರಾ ಹುಳಿಯಾಗಿತ್ತು. ಅಂಥ ಮಣ್ಣಿಗೆ ಎಷ್ಟು ಗೊಬ್ಬರ ಹಾಕಿದರೂ ಗಿಡ ತಿನ್ನುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಮೇಲ್ಭಾಗದಲ್ಲಿತ್ತು. ಕಾಂಡದ ಮೇಲೆ ಬಳೆ ತೊಡಿಸಿದ ಹಾಗೆ ತೊಗಟೆ ಉಬ್ಬಿತ್ತು. ಚಾಕುವಿನಿಂದ ಸೀಳಿದರೆ ಒಳಗೆ ಬಿಳಿ ಹುಳು ಸುರಂಗ ಕೊರೆದು ಕೂತಿತ್ತು. ಬೋರರ್. ಗಿಡದ ನಂತರ ಗಿಡ ನೋಡಿದೆ, ಅರ್ಧ ಬ್ಲಾಕು ಹಾಗೇ ಇತ್ತು.

ಇಳಿದು ಬಂದು ಜಗುಲಿಯಲ್ಲಿ ಕೂತು ಹೇಳಿದೆ. "ಕೆಳಗಿನ ಅರ್ಧ ಉಳಿಸ್ಕೊಬಹುದು ಗೌಡ್ರೆ. ಗೊಬ್ಬರ ನಿಲ್ಸಿ, ಮಳೆಗಾಲ ಕಳೀತಿದ್ದ ಹಾಗೆ ಸುಣ್ಣ ಕೊಡಿ. ಮೇಲಿನ ಅರ್ಧ ಕಿತ್ತು ಸುಡ್ಬೇಕು. ಹುಳ ರೆಕ್ಕೆ ಬಂದು ಹಾರಿದ್ರೆ ಹೊಳೆ ಪಕ್ಕಕ್ಕೂ ಇಳಿಯುತ್ತೆ."

"ಆ ಗಿಡ ನಾನು ನೆಟ್ಟಿದ್ದು."

"ಗೊತ್ತು ಗೌಡ್ರೆ."

ಅವರು ಗುಡ್ಡದ ಕಡೆ ನೋಡುತ್ತಾ ಹೇಳಿದರು: "ಗೊಬ್ಬರದಂಗಡಿಯವ ಇನ್ನೂ ನಾಲ್ಕು ಚೀಲ ಹಾಕಿ, ಸರಿ ಹೋಗುತ್ತೆ ಅಂದ. ಬಿಟ್ಟಿ ಹೇಳ್ದ. ನೀವು ಫೀಸು ತಗೊಂಡು ಕಿತ್ತು ಸುಡಿ ಅಂತೀರಿ." ಆಮೇಲೆ ಎದ್ದು ನಿಂತರು. "ತಿಂಡಿ ತಿಂದು ಹೋಗಿ."

ತಿಂದೆ. ಸರೋಜಮ್ಮ ಇನ್ನೊಂದು ಹಾಕ್ಕೊಳ್ಳಿ ಎಂದು ಬಲವಂತ ಮಾಡಲಿಲ್ಲ. ಆ ಮನೆಯಲ್ಲಿ ಹಾಗಾದದ್ದು ಅದೇ ಮೊದಲು.

ಬಾಳೂರಿನಿಂದ ಮತ್ತೆ ಕರೆ ಬರಲಿಲ್ಲ. ಗೌಡರನ್ನು ನೋಡಿ ಉಳಿದವರೂ ಬರಲಿಲ್ಲ. ಶ್ರೀಕಂಠಯ್ಯನವರು ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. "ಸರಿಯಾಗೇ ಹೇಳಿದೀಯ. ನಾನಾಗಿದ್ರೆ ಇನ್ನೂ ಒರಟಾಗಿ ಹೇಳ್ತಿದ್ದೆ," ಎಂದರು. ಲ್ಯಾಬಿಗೆ ಬೀಗ ಹಾಕುವ ದಿನ ಮಣ್ಣಿನ ಹುಳಿ ಅಳೆಯುವ ಕೈಮೀಟರನ್ನು ನನ್ನ ಚೀಲಕ್ಕೆ ತುರುಕಿದರು. "ಮಾರಿದ್ರೆ ಗುಜರಿಯವನೂ ತಗೊಳಲ್ಲ. ನೀನಿಟ್ಕೊ."

ನಾನು ಆಲ್ದೂರಿಗೆ ಬಂದು ಅಪ್ಪಾಜಿಯ ಅಂಗಡಿಯಲ್ಲಿ ಬೇಳೆ ತೂಗಲು ನಿಂತೆ. ಮನಸ್ಸಿಗೆ ಬಹಳ ಬೇಜಾರಾಗಿತ್ತು. ಬೆಂಚಿನ ಮೇಲೆ ಕೂತವರು ಒಬ್ಬರಿಗೊಬ್ಬರು ಬಿಟ್ಟಿ ಸಲಹೆ ಕೊಡುವುದನ್ನು ದಿನವೂ ಕೇಳಿಸಿಕೊಳ್ಳಬೇಕಿತ್ತು, ಅದರಲ್ಲಿ ಅರ್ಧಕ್ಕರ್ಧ ತಪ್ಪು. ಅಪ್ಪಾಜಿ ಒಳ್ಳೆಯವರು, ನಾನು ಹೇಳಿರಲಿಲ್ಲವಾ ಎಂದು ಒಂದು ದಿನವೂ ಅನ್ನಲಿಲ್ಲ. ಹೀಗಿರುವಾಗ ಒಂದು ಗೊಬ್ಬರ ಕಂಪನಿಯಿಂದ ಕರೆ ಬಂತು. ಆ ಹೊತ್ತಿಗೆ ಅವರು ಹೆಂಗಸರನ್ನೂ ತೆಗೆದುಕೊಳ್ಳುತ್ತಿದ್ದರು. ಬಯಲುಸೀಮೆಯಲ್ಲಿ ಕೆಲಸ, ಚೀಲ ಮಾರುವುದು. ಬರುತ್ತೇನೆ ಎಂದು ಒಪ್ಪಿಕೊಂಡೆ.

ಇನ್ನೂ ಇಲ್ಲೇ ಇದ್ದೇನಲ್ಲ, ಹೋಗಲಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಮುಂದೆ ಸ್ವಂತವಾಗಿಯೇ ಕೆಲಸ ಮಾಡಿದೆ. ಅಂಗಡಿಯ ಪಕ್ಕದ ಕೋಣೆಯೇ ಲ್ಯಾಬ್ ಆಯಿತು. ಸಾವಯವ ಎಂದು ಸರ್ಟಿಫಿಕೇಟ್ ಕೊಡುವವರು ಬಂದರು, ವಿದೇಶದ ಖರೀದಿದಾರರ ಕಡೆಯಿಂದ ತಪಾಸಣೆಯವರು ಬಂದರು, ಅವರಿಗೂ ಸ್ಥಳೀಯ ತಜ್ಞರು ಬೇಕಾದರು. ಮೆಣಸಿಗೆ ರೇಟು ಬಂದಾಗ ಸೊರಗು ರೋಗ ನೋಡಲು ಕಳಸದವರೆಗೂ ಓಡಾಡಿದೆ. ಈಗಿನವರು ಮೊಬೈಲಿನಲ್ಲಿ ಎಲೆಯ ಫೋಟೋ ತೆಗೆದು ಕಳಿಸುತ್ತಾರೆ, ಅದೂ ಇರುವುದರಲ್ಲಿ ಚೆಂದದ ಎಲೆಯನ್ನೇ ಆರಿಸಿ. ಹಾಗಾಗಿ ಕೆಲಸ ಇದೆಯಾ ಎಂದು ಕೇಳುವವರಿಗೆ ಇದೆ ಎನ್ನುತ್ತೇನೆ. ಆದರೆ ಅದು ಯಾವತ್ತು ಕೆಲಸವಾಯಿತು ಎಂಬುದನ್ನೂ ಹೇಳಬೇಕು.

ಅದು ಗೊಬ್ಬರ ಕಂಪನಿಗೆ ಹೊರಡಲು ಪೆಟ್ಟಿಗೆ ಕಟ್ಟಿಟ್ಟ ವಾರ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಕಸ ಗುಡಿಸುತ್ತಿದ್ದೆ. ರಸ್ತೆಯಾಚೆ ಒಂದು ಜೀಪು ಬಂದು ನಿಂತಿತು. ಇಳಿದು ಬಂದವರು ಸರೋಜಮ್ಮ. ಕಂಕುಳಲ್ಲಿ ನಮ್ಮ ಲ್ಯಾಬಿನ ಹಳೆಯ ಬಟ್ಟೆ ಚೀಲ, ತುಂಬಿ ಬಿರಿಯುವಂತಿತ್ತು. ಅದನ್ನು ತಕ್ಕಡಿಯ ಪಕ್ಕ ಇಟ್ಟು ಸುಧಾರಿಸಿಕೊಂಡರು.

"ಹೊಳೆ ಪಕ್ಕದಲ್ಲೂ ಹುಳ ಕಾಣಿಸ್ತು ಮೇಡಂ. ನೀವು ಹೇಳ್ದಂಗೇ ಆಯ್ತು. ಮೇಲಿನ ಅರ್ಧ ಕಿತ್ತು ಸುಟ್ವಿ. ಸುಡೋವಾಗ ಅವ್ರು ಕೊನೇವರೆಗೂ ಅಲ್ಲೇ ನಿಂತಿದ್ರು. ಇದು ಉಳಿದ ಅರ್ಧದ್ದು. ಎಷ್ಟು ಸುಣ್ಣ ಬೇಕು ಅಂತ ಹೇಳ್ಬೇಕಂತೆ."

ಚೀಲ ಬಿಚ್ಚಿದೆ. ಕೆಂಪು ಮಿಶ್ರಿತ ಹಳದಿ ಮಣ್ಣು, ಬಡಕಲು, ಮಧ್ಯೆ ಕಂದಿದ ಬೇರಿನ ಚೂರು. ಬೆರಳಾಡಿಸಿ ನೋಡಿದೆ. ಈರುಳ್ಳಿ ಸಿಪ್ಪೆ ಇರಲಿಲ್ಲ.

"ಯಾರಮ್ಮ ಅಗೆದಿದ್ದು? ಮೇಸ್ತ್ರಿನಾ?"

"ಅವ್ರೇ. ಬ್ಲಾಕೆಲ್ಲ ತಿರುಗಿ, ಎಲ್ಲೆಲ್ಲಿ ಜಾಸ್ತಿ ಹಾಳಾಗಿದೆಯೋ ಅಲ್ಲಲ್ಲೇ ತೆಗ್ದಿದಾರೆ." ಸರೋಜಮ್ಮ ರಸ್ತೆಯಾಚೆ ಕಣ್ಣು ತೋರಿಸಿ ದನಿ ತಗ್ಗಿಸಿದರು. "ಜೀಪಲ್ಲೇ ಕೂತಿದಾರೆ. ಇಳಿಯಲ್ಲ ಅಂತಾರೆ."

ನಾನು ರಸ್ತೆ ದಾಟಿ ಹೋದೆ. ಗೌಡರು ಮುಂದಿನ ಸೀಟಿನಲ್ಲಿ ನೇರ ನೋಡುತ್ತಾ ಕೂತಿದ್ದರು. ಮೊದಲಿಗಿಂತ ಇಳಿದುಹೋಗಿದ್ದರು. ಉಗುರಿನ ಸಂದಿಯಲ್ಲಿ ಮಣ್ಣು ಹಾಗೇ ಇತ್ತು. ಅದನ್ನು ನೋಡಿ ನನಗೆ ಅಳು ಬಂತು, ತಡೆದುಕೊಂಡೆ.

"ಇಳೀರಿ ಗೌಡ್ರೆ, ಒಳಗೆ ಬನ್ನಿ. ಅಮ್ಮ ದೋಸೆ ಹಾಕ್ತಿದಾರೆ. ತಿಂಡಿ ತಿಂದು ಮಾತಾಡೋಣ."

ಅವರು ತಿರುಗಿ ನನ್ನ ಮುಖ ನೋಡಿದರು.

"ಮೊದ್ಲು ಮಣ್ಣು ನೋಡಿ ಮೇಡಂ," ಎಂದರು. "ತಿಂಡಿ ಆಮೇಲೆ."